ಕೇಪು ಕೂರಿಸುವ ಕೋಲು

ಒಂದೇ ಸದ್ದಿಗೆ ಎಪ್ಪತ್ತು ಕಾಡುಹಂದಿಗಳನ್ನು ಈ ಬಂಡೂರಿನ ಕಬ್ಬಿನ ಗದ್ದೆಗಳಿಂದ ಓಡಿಸಿದವಳು ನಾನು. ಓಡಿದ ರಭಸಕ್ಕೆ ಅವು ಮಳವಳ್ಳಿ ಬಸ್‌ಸ್ಟ್ಯಾಂಡು ದಾಟಿದ ಮೇಲೇ ಹಿಂತಿರುಗಿ ನೋಡಿದ್ದು. ಇದರಲ್ಲಿ ಅರ್ಧ ಸುಳ್ಳು ಶ್ವೇತ, ಒಪ್ಪಿಕೊಂಡೆ. ಹಂದಿ ಎಂಟೋ ಹತ್ತೋ ಇದ್ದವು. ಓಡಿದ್ದು ಮಾತ್ರ ನಿಜ.

ನೀನು ಕೊಪ್ಪದಿಂದ ನಮ್ಮ ಪಕ್ಕದ ಮನೆ ಚಿಕ್ಕಬೋರಮ್ಮನ ಮೊಮ್ಮಗನ ಹೆಂಡತಿಯಾಗಿ ಬಂದವಳು. ನನ್ನ ಅಡುಗೆಮನೆಯಲ್ಲಿ ಮುದ್ದೆ ಕೋಲಿನ ಪಕ್ಕ ತೂಗುಹಾಕಿರುವ ಈ ಹಿತ್ತಾಳೆ ಮೂತಿಯ ಕೋಲು ನೋಡಿ, ಇದರಲ್ಲಿ ಏನು ಕಡೆಯುತ್ತೀರಿ ಅಜ್ಜಿ ಎಂದು ಕೇಳಿದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇದರಲ್ಲಿ ಮಜ್ಜಿಗೆ ಕಡೆಯುವುದಿಲ್ಲ ತಾಯಿ. ಇದು ಕೋವಿಗೆ ಕೇಪು ಕೂರಿಸುವ ಕೋಲು.

ನನ್ನ ಗಂಡ ಮಾದಯ್ಯನಿಗೆ ಬೆಳೆ ಕಾಯಲೆಂದು ಸರ್ಕಾರ ಒಂದು ಕೋವಿಗೆ ಲೈಸೆನ್ಸು ಕೊಟ್ಟಿತ್ತು. ಮೂತಿಯಿಂದ ಮದ್ದು ತುಂಬುವ ಹಳೇ ಕಾಲದ ಒಂಟಿ ನಳಿಗೆ. ಅವನು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ನಾನು ಗುಂಡು ಹಾಕುವುದಿಲ್ಲ. ಬರೀ ಮದ್ದು ತುಂಬಿ ಆಕಾಶಕ್ಕೆ ಹೊಡೆಯುತ್ತೇನೆ. ಹಂದಿಗೆ ಸದ್ದು ಸಾಕು, ಊರಿನವರಿಗೆ ಭಯ ಸಾಕು.

ಆದರೆ ಮದ್ದು ತುಂಬಿದರಷ್ಟೇ ಆಗಲಿಲ್ಲ. ನಳಿಗೆಯ ಬುಡದಲ್ಲಿ ಕಾಯಿಯ ತೊಟ್ಟಿನಂಥ ಒಂದು ಸಣ್ಣ ತೊಟ್ಟು ಇರುತ್ತದೆ. ಅದರ ಮೇಲೆ ಕೇಪು ಕೂರಿಸಬೇಕು. ಕೇಪು ಅಂದರೆ ತಾಮ್ರದ ಪುಟಾಣಿ ಟೋಪಿ, ಇರುವೆಯ ಮಗನ ನಾಮಕರಣಕ್ಕೆ ಹೊಲಿಸಿದ ಹಾಗೆ ಇರುತ್ತದೆ. ಕುದುರೆ ಅನ್ನುವ ಕಬ್ಬಿಣ ಅದರ ತಲೆಗೆ ಬಡಿದರೆ ಕಿಡಿ ಹಾರಿ ಸದ್ದಾಗುತ್ತದೆ. ಟೋಪಿ ಇಲ್ಲದಿದ್ದರೆ ಕೋವಿಗೂ ಒನಕೆಗೂ ಭೇದವಿಲ್ಲ.

ಹೋದ ವರ್ಷ ನನ್ನ ಬೆರಳುಗಳು ಕೈಕೊಟ್ಟವು. ನೋಡು, ಗಂಟುಗಂಟಾಗಿ ಅರಿಶಿನದ ಕೊಂಬಿನ ಹಾಗೆ ಆಗಿವೆ. ಒಂದು ಸಂಜೆ ಹಂದಿಗಳು ನುಗ್ಗಿದಾಗ ಬದುವಿನ ಮೇಲೆ ನಿಂತು ಕೇಪು ಹಿಡಿದೆ. ಜಾರಿ ಕೆಸರಿಗೆ ಬಿತ್ತು. ಇನ್ನೊಂದು ಹಿಡಿದೆ, ಅದೂ ಬಿತ್ತು. ನಾನು ಕೆಸರಿನಲ್ಲಿ ತಡಕಾಡುತ್ತಿದ್ದರೆ ಹಂದಿಗಳು ನನ್ನನ್ನು ನೋಡಿಕೊಂಡೇ ಕಬ್ಬು ಅಗಿದವು. ಅದು ನನ್ನ ಕಬ್ಬಲ್ಲ, ನನ್ನ ಮೈದುನನ ಮಗ ರಾಜೇಂದ್ರನದು. ಅವನ ಗದ್ದೆ ನನ್ನ ಗದ್ದೆಯ ಕೆಳಗಿನದು. ಕಡಿದ ಬುಡದಿಂದ ಚಿಗುರಿದ ಕೂಳೆ ಕಬ್ಬು ಅರ್ಧಕ್ಕರ್ಧ ಮಲಗಿಹೋಯಿತು.

ಮಾರನೇ ಬೆಳಗ್ಗೆ ರಾಜೇಂದ್ರ ನನ್ನ ಜಗಲಿಗೆ ಬಂದು ನಿಂತ.

"ದೊಡ್ಡವ್ವ, ಇನ್ನು ನಿನ್ ಕೈಲಾಗಕಿಲ್ಲ. ಲೈಸೆನ್ಸು ನನ್ನೆಸರಿಗೆ ಮಾಡ್ಸ್ಕೊಡು."

"ನಿನ್ನೆಸರಿಗಾ? ಮದ್ವೇಲಿ ಪಟಾಕಿ ಒಡುದ್ರೆ ಛತ್ರದಾಚೆ ಓಡೋಗಿದ್ದೆ ಕಣ್ಲಾ ನೀನು!"

"ಆವಾಗ ನಂಗೆ ಆರೊರ್ಸ."

"ನಿನ್ ಮದ್ವೇಲಿ ಕಣ್ಲಾ ನಾನೇಳ್ತಿರದು."

ಅವನು ನಗಲಿಲ್ಲ. ಅವನ ಕಬ್ಬು ಹೋಗಿತ್ತು, ನಗು ಎಲ್ಲಿಂದ ಬರಬೇಕು? ಸೀದಾ ಸ್ಟೇಷನ್ನಿಗೆ ಹೋಗಿ, ಮುದುಕಿಗೆ ಕೋವಿ ಹಿಡಿಯುವ ಶಕ್ತಿ ಇಲ್ಲ ಎಂದು ಅರ್ಜಿ ಕೊಟ್ಟ. ಇನ್ಸ್‌ಪೆಕ್ಟರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟೇ ಮಾತಾಡಿಸಿದರು. ಆಯುಧಪೂಜೆ ಕಳೆದ ಮೇಲೆ ಕೋವಿ ತಂದು ನನ್ನ ಎದುರಿಗೆ ನೀವೇ ಕೇಪು ಕೂರಿಸಿ, ಕೂರಿಸಿದರೆ ಲೈಸೆನ್ಸು ಮುಂದುವರಿಸಲು ಬರೆಯುತ್ತೇನೆ, ಆಗದಿದ್ದರೆ ಕೋವಿ ಇಲ್ಲೇ ಬಿಟ್ಟು ಹೋಗಬೇಕು ಎಂದರು.

ಕೋವಿ ಬಿಟ್ಟು ಬರುವುದೇ? ಈ ಊರಿನಲ್ಲಿ ಗಂಡ ಸತ್ತವಳ ಗದ್ದೆಯ ಬದುವನ್ನು ವರ್ಷಕ್ಕೊಂದು ಗೇಣು ಒತ್ತುತ್ತಾರೆ. ನನ್ನ ಬದು ಇದ್ದಲ್ಲೇ ಇದೆ. ಯಾಕೆ ಅಂದುಕೊಂಡೆ? ನನ್ನ ಮುಖ ನೋಡಿಯಲ್ಲ.

ಅವತ್ತೇ ನಿಮ್ಮ ಚಿಕ್ಕಬೋರಮ್ಮನನ್ನು ಎಳೆದುಕೊಂಡು ಮಂಡ್ಯದ ಬಸ್ಸು ಹತ್ತಿದೆ. ಕೇಪು ಕೂರಿಸುವುದಕ್ಕೂ ಸಾಮಾನು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಕೋವಿ ಅಂಗಡಿಯವನು ಎರಡು ಥರದ್ದು ತೆಗೆದಿಟ್ಟ. ಒಂದು ದುಂಡಗೆ, ಜೇಬಿನ ಗಡಿಯಾರದ ಹಾಗೆ ಮಿರಮಿರ ಮಿಂಚುತ್ತಿತ್ತು. ಒಳಗೆ ಕೇಪುಗಳು ಸುತ್ತಲೂ ಕೂತಿರುತ್ತವೆ, ಹೆಬ್ಬೆರಳಿನಲ್ಲಿ ಒಂದು ಸಣ್ಣ ನಾಲಗೆ ಒತ್ತಿದರೆ ಒಂದೊಂದೇ ಮೂತಿಗೆ ಬರುತ್ತವೆ.

"ಇದ್ನೇ ತಕ್ಕೊಳೆ ಅಂಕಮ್ಮ," ಎಂದಳು ಚಿಕ್ಕಬೋರಮ್ಮ. "ಕತ್ತಿಗಾಕ್ಕೊಂಡ್ರೂ ಚಂದಾಗಿ ಕಾಣ್ತದೆ."

"ನೀನಾಕ್ಕೊಂಡು ಮೆರ್ಕೊ. ಒತ್ತಕ್ಕೆ ಎಬ್ಬೆಟ್ಟು ಬೇಕಲ್ಲ, ನಿಂದು ಕೊಟ್ಟೀಯ?"

ಆ ನಾಲಗೆ ಒತ್ತುವಷ್ಟರಲ್ಲಿ ನನಗೆ ಕಣ್ಣಲ್ಲಿ ನೀರು ಬಂತು. ಬೆರಳಿನ ತುದಿಯ ಶಕ್ತಿ ಇರುವವರಿಗೆ ಆ ಸಾಮಾನೇ ಬೇಡ, ಇಲ್ಲದವರಿಗೆ ಅದು ಆಗಿಬರುವುದಿಲ್ಲ. ಅಂಥದ್ದನ್ನು ಯಾರಿಗೋಸ್ಕರ ಮಾಡಿದರೋ ಆ ಪುಣ್ಯಾತ್ಮರು.

ಇನ್ನೊಂದು ನೇರವಾದ ಹಿತ್ತಾಳೆ ಪಟ್ಟಿ. ಕೇಪುಗಳು ಸಾಲಾಗಿ ನಿಂತಿರುತ್ತವೆ, ಹಿಂದಿನಿಂದ ಸ್ಪ್ರಿಂಗು ತಳ್ಳುತ್ತದೆ. ಮುಂದಿನ ಕೇಪನ್ನು ತೊಟ್ಟಿನ ಮೇಲೆ ಒತ್ತಿ ಪಟ್ಟಿಯನ್ನು ಎಳೆದುಕೊಂಡರೆ ಸರಿ, ಕೇಪು ಅಲ್ಲೇ ಉಳಿಯುತ್ತದೆ. ಇದು ನನ್ನ ಮನಸ್ಸಿಗೆ ಬಂತು. ಬಿಗಿಯಾಗಿ ಹಿಡಿಯಲು ಹೋದೆ, ಬೆರಳಿನಷ್ಟು ತೆಳ್ಳಗಿತ್ತು, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಅಂಗಡಿಯವನು ಗಲ್ಲಾದ ಮೇಲೆ ಕೈಯೂರಿ ನಿಂತ.

"ಅಜ್ಜಿ, ಈ ವಯಸ್ಸಲ್ಲಿ ಕೋವಿ ಯಾಕೆ? ಮನೇಲಿ ಗಂಡಸ್ರಿಲ್ವಾ?"

"ಅವ್ರೆ ಕಣಪ್ಪ. ಅವ್ರನ್ನ ಎದುರ್ಸಕ್ಕೇ ಬೇಕಾಗಿರದು."

ಪಟ್ಟಿಯನ್ನು ಕೊಂಡು ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ನನ್ನ ಕೈಯನ್ನೇ ನೋಡಿಕೊಂಡೆ. ಈ ಕೈಯಲ್ಲಿ ಬೆರಳು ಸತ್ತಿವೆ, ಮುಷ್ಟಿ ಸತ್ತಿಲ್ಲ. ಇವತ್ತಿಗೂ ಊರಿನ ಯಾವ ಮನೆಯಲ್ಲಿ ಕಾರ್ಯವಾದರೂ ದೊಡ್ಡ ಹಂಡೆಯ ಮುದ್ದೆ ತಿರುವಲು ನನ್ನನ್ನೇ ಕರೆಯುತ್ತಾರೆ. ಗಂಟಿಲ್ಲದ ಹಾಗೆ ತಿರುವುತ್ತೇನೆ. ಅದಕ್ಕೆ ಬೆರಳಿನ ತುದಿ ಬೇಡ, ಮುಷ್ಟಿ ಮತ್ತು ಭುಜ ಬೇಕು. ಹಾಗಾದರೆ ಕೇಪಿನ ಪಟ್ಟಿಗೂ ಮುದ್ದೆ ಕೋಲಿನಂಥ ಹಿಡಿ ಇದ್ದರೆ?

ಮದ್ದೂರಿನಲ್ಲಿ ಸಿದ್ದರಾಮು ಅಂತ ಲೇತು ಇಟ್ಟವನಿದ್ದಾನೆ, ಪಂಪುಸೆಟ್ಟಿನ ಸಾಮಾನು ಕಡೆಯುವವನು. ಅಲ್ಲೇ ಇಳಿದೆ. ಅವನು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಯ್ಯೋ ಇದೇನ್ ಮಾ ಕೆಲ್ಸನಾ ಅಜ್ಜಿ? ರಾಕೆಟ್ಟಿಗೇ ಇಡಿ ಕೂರ್ಸ್‌ಬುಡ್ತೀನಿ ನಾನು."

"ರಾಕೆಟ್ಟು ಆಮೇಲೆ ನೋಡ್ಕಳವ. ಮೊದ್ಲು ನನ್ ಮುಷ್ಟಿ ಅಳ್ತೆ ತಕ್ಕೊ."

ಮೊದಲು ಮಾಡಿದ ಹಿಡಿ ಕಬ್ಬಿಣದ್ದು, ಎತ್ತಿದರೆ ಭುಜ ಕಳಚುತ್ತಿತ್ತು. ಇದರಲ್ಲಿ ಹಂದಿಯ ತಲೆಗೇ ಹೊಡೆಯಬಹುದು, ಕೋವಿ ಯಾಕೆ ಎಂದು ವಾಪಸು ಕೊಟ್ಟೆ. ಎರಡನೆಯದು ಗುಂಡಗೆ ನುಣ್ಣಗಿತ್ತು, ಅಂಗೈಯಲ್ಲಿ ತಿರುಗಿಬಿಡುತ್ತಿತ್ತು. ಅದನ್ನೂ ಕೊಟ್ಟೆ. ಸಿದ್ದರಾಮು ಗೊಣಗಿದ. ನಾನು ಅವನ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಗಿರಾಕಿಗಳಿಗೆಲ್ಲ ನಾನು ಅವನ ರಾಕೆಟ್ಟಿನ ಕಥೆ ಹೇಳತೊಡಗಿದ ಮೇಲೆ ಅವನ ಕೈ ಚುರುಕಾಯಿತು. ಮೂರನೆಯದು ಇದು. ಹುಣಸೆ ಮರದ ಹಿಡಿ, ಒಂದು ಕಡೆ ಚಪ್ಪಟೆ, ಮುದ್ದೆ ಕೋಲಿನಷ್ಟೇ ದಪ್ಪ. ಮುಷ್ಟಿಯಲ್ಲಿ ಹಿಡಿದು ಭುಜದಿಂದ ತಳ್ಳಿದೆ. ಅವನೇ ಅಳತೆಗೆಂದು ಕಡೆದಿಟ್ಟಿದ್ದ ತೊಟ್ಟಿನ ಮೇಲೆ ಸುಟ್ಟುಹೋದ ಹಳೇ ಕೇಪು ಟಕ್ಕನೆ ಕೂತಿತು. ಇದೇ ಎಂದೆ.

ಇನ್ನು ನಿಮ್ಮ ಚಿಕ್ಕಬೋರಮ್ಮನ ಘನಕಾರ್ಯ ಕೇಳು. ಆಯುಧಪೂಜೆಯ ದಿನ ನಾನು ಕುರಿಗಳಿಗೆ ಸೊಪ್ಪು ತರಲು ಹೋಗಿದ್ದೆ. ಎರಡೂ ಮನೆಯ ಕುಡುಗೋಲು, ಗುದ್ದಲಿ, ನೇಗಿಲು ಎಲ್ಲಕ್ಕೂ ಪೂಜೆ ಮಾಡುವ ಹೊಣೆ ಅವಳದು. ಹೊಸ ಆಯುಧ ಎಂಬ ಭಕ್ತಿಗೆ ನನ್ನ ಕೋಲಿಗೆ ಅರಿಶಿನ ಕುಂಕುಮ ಕಲಸಿ ಮೂತಿಯಿಂದ ಬುಡದವರೆಗೆ ಮೆತ್ತಿ, ವಿಭೂತಿ ಪಟ್ಟೆ ಎಳೆದು, ಚೆಂಡು ಹೂವು ಸಿಕ್ಕಿಸಿದ್ದಳು. ನೋಡಿ ನನಗೂ ಖುಷಿಯಾಯಿತು. ಹಬ್ಬದ ಕುಂಕುಮವನ್ನು ಒರೆಸುವುದುಂಟೇ? ಹಬ್ಬ ಕಳೆದ ಮೇಲೆ ಕೋಲಿಗೆ ಹಾಗೇ ಬಟ್ಟೆ ಸುತ್ತಿ, ಕೋವಿಯ ಜೊತೆ ಸ್ಟೇಷನ್ನಿಗೆ ಒಯ್ದೆ.

ರಾಜೇಂದ್ರ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ. ಇನ್ಸ್‌ಪೆಕ್ಟರು ನಳಿಗೆಯೊಳಗೆ ಕಡ್ಡಿ ಬಿಟ್ಟು ಖಾಲಿ ಇದೆಯೆಂದು ನೋಡಿಕೊಂಡು, ಶುರು ಮಾಡಿ ಎಂದರು. ಕೋಲನ್ನು ಮುಷ್ಟಿಯಲ್ಲಿ ಹಿಡಿದು ತೊಟ್ಟಿಗೆ ಒತ್ತಿ ಎಳೆದೆ. ಕೇಪಿಲ್ಲ. ಮತ್ತೆ ಒತ್ತಿದೆ, ಇಲ್ಲ. ಅರಿಶಿನ ಕುಂಕುಮ ಒಣಗಿ ಸ್ಪ್ರಿಂಗಿಗೆ ಸಿಮೆಂಟು ಹಾಕಿದ ಹಾಗೆ ಆಗಿತ್ತು.

"ನಾನೇಳ್ನಿಲ್ವಾ ಸಾರ್?" ಎಂದ ರಾಜೇಂದ್ರ.

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಹೊನ್ನಯ್ಯ ಅಂತ ಒಬ್ಬ ಪೇದೆ ನಿಂತಿದ್ದ. ಅವನ ಹೆಗಲಿನ ಬಂದೂಕಿಗೂ ಕುಂಕುಮದ ಬೊಟ್ಟಿತ್ತು, ಹೊರಗಿನ ಜೀಪಿಗೂ ಬಾಳೆಕಂದು ಕಟ್ಟಿತ್ತು.

"ಒನ್ನಯ್ಯ, ಒಂದ್ ಚೊಂಬು ನೀರು ಕೊಡಪ್ಪ. ನಿನ್ ಬಂದೂಕಿಗೂ ನನ್ ಕೋಲಿಗೂ ಒಂದೇ ಅಬ್ಬದ ಕುಂಕ್ಮ, ನಂದ್ಕೆ ವಸಿ ಜಾಸ್ತಿಯಾಗದೆ."

ಇನ್ಸ್‌ಪೆಕ್ಟರು ಮೀಸೆಯೊಳಗೇ ನಕ್ಕರು. ಕೇಪುಗಳನ್ನೆಲ್ಲ ಮೇಜಿನ ಮೇಲೆ ಸುರಿದೆ. ಎಲ್ಲವೂ ಸುಟ್ಟ ಕೇಪುಗಳೇ. ಪಟ್ಟಿಗೆ ನೀರು ಬಿಟ್ಟು, ಬಳೆಯಲ್ಲಿದ್ದ ಪಿನ್ನು ತೆಗೆದು ಸಂದಿಯೆಲ್ಲ ಕೆರೆದೆ. ಸೆರಗಿನಿಂದ ಒರೆಸಿದೆ, ಬಾಯಿಂದ ಊದಿದೆ. ಊದಿದ ರಭಸಕ್ಕೆ ಸ್ಟೇಷನ್ನಿನ ಫೈಲುಗಳೆಲ್ಲ ಹಾರಿಹೋದವು ಅಂದುಕೊ. ಕೇಪುಗಳನ್ನು ಮೇಜಿನ ಮೇಲೇ ಉರುಳಿಸುತ್ತ ನಿಧಾನಕ್ಕೆ ತಿರುಗಿ ಸಾಲಿಗೆ ತುಂಬಿದೆ. ಎರಡು ನೆಲಕ್ಕೆ ಬಿದ್ದವು, ಯಾರೂ ಎತ್ತಿಕೊಡುವುದು ಬೇಡ ಎಂದು ನಾನೇ ಬಗ್ಗಿ ಎತ್ತಿದೆ. ಮುಷ್ಟಿ ಕಟ್ಟಿದೆ. ಉಸಿರು ಹಿಡಿದು, ಹಂಡೆಯ ಮುದ್ದೆಗೆ ಭುಜ ಕೊಡುವ ಹಾಗೆ ಕೊಟ್ಟೆ.

ಟಕ್!

ತೊಟ್ಟಿನ ಮೇಲೆ ಕೇಪು ಕೂತಿತ್ತು. ಕಿತ್ತು, ಇನ್ನೊಂದು ಕೂರಿಸಿದೆ. ಅದನ್ನೂ ಕಿತ್ತು ಮತ್ತೊಂದು. ಸಾಕಮ್ಮ ಸಾಕು ಎಂದರು ಇನ್ಸ್‌ಪೆಕ್ಟರು.

"ಸಾರ್, ಇದೆಂಗಾಯ್ತದೆ?" ರಾಜೇಂದ್ರ ಮುಂದೆ ಬಂದ. "ಕೈಲಿ ಕೂರ್ಸಕ್ಕಾಗ್ನಿಲ್ಲ, ಸಾಮಾನಿಟ್ಕಂಡು ಕೂರುಸ್ತು. ಇದು ಲೆಕ್ಕಕ್ಕಾ?"

"ಸಾಹೇಬ್ರು ಕನ್ನಡ್ಕ ಆಕ್ಕೊಂಡು ನಿನ್ನರ್ಜಿ ಓದುದ್ರಲ್ಲ, ಅದು ಲೆಕ್ಕಕ್ಕಿಲ್ವೇನ್ಲಾ?"

ಇನ್ಸ್‌ಪೆಕ್ಟರು ಆ ಕನ್ನಡಕವನ್ನು ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪೆನ್ನು ತೆಗೆದು ಲೈಸೆನ್ಸು ನನ್ನ ಹೆಸರಿನಲ್ಲೇ ಮುಂದುವರಿಯಲಿ ಎಂದು ಬರೆದರು.

ಬಸ್‌ಸ್ಟ್ಯಾಂಡಿನವರೆಗೆ ರಾಜೇಂದ್ರ ನನ್ನ ಹಿಂದೆ ಹತ್ತು ಮಾರು ದೂರದಲ್ಲೇ ಬಂದ. ಕೋವಿ ಹೊತ್ತಿದ್ದವಳು ನಾನು, ಹತ್ತಿರ ಬರುವ ಧೈರ್ಯ ಇರಲಿಲ್ಲವೋ ಏನೋ. ಬಸ್ಸಿನಲ್ಲಿ ಎಷ್ಟೋ ಸೀಟು ಖಾಲಿ ಇದ್ದವು. ಆದರೂ ಬಂದು ನನ್ನ ಪಕ್ಕದಲ್ಲೇ ಕೂತ. ಕಿಟಕಿಯಾಚೆ ಕಬ್ಬು ನೋಡಿದ, ಕಾಲಿನ ಹೆಬ್ಬೆರಳು ನೋಡಿಕೊಂಡ. ಕಂಡಕ್ಟರು ಬಂದಾಗ ನನ್ನ ಟಿಕೇಟನ್ನೂ ಅವನೇ ತೆಗೆಸಿದ. ಊರು ಹತ್ತಿರ ಬರುವಾಗ "ದೊಡ್ಡವ್ವ, ಇವತ್ತು ಸಾಯಂಕಾಲ ನನ್ ಗದ್ದೆ ತಾವ್ಕೆ..." ಎಂದು ಶುರುಮಾಡಿ ಒಂದು ಮಾತು ಕೇಳಿದ.

ಏನು ಕೇಳಿದ, ನಾನು ಏನು ಹೇಳಿದೆ? ಎಲ್ಲವನ್ನೂ ನಾನೇ ಹೇಳಬೇಕೇನೇ? ಅವನ ಕಬ್ಬು ಈ ಸಲ ನಿನ್ನ ಗಂಡನಿಗಿಂತ ಎತ್ತರ ಬೆಳೆದು ನಿಂತಿದೆ, ಬರುವಾಗ ನೋಡಿದೆಯಲ್ಲ. ಈಗ ನೀನೇ ಹೇಳು ನೋಡೋಣ.