ಫ್ಯಾನಿನ ಸಪ್ಪಳದಲ್ಲಿದ್ದ ಹೆಸರು

ಕಥೆ ಹೇಳುವ ಈ ಅಜ್ಜನಿಗೆ ವಯಸ್ಸಾಯಿತು, ಇದ್ದದ್ದು ಇಲ್ಲದ್ದು ಕೂಡಿಸಿ ಹೇಳುತ್ತಾನೆ ಎನ್ನುವವರು ಈಗಲೇ ಎದ್ದು ಹೋಗಬಹುದು. ನಿನ್ನೆ ಉಂಡ ಪಲ್ಯ ಯಾವುದೆಂದು ನಿಮಗೇ ನೆನಪಿರುವುದಿಲ್ಲ. ಹೈದರಾಬಾದಿನ ಆ ಮದುವೆಯಲ್ಲಿ ಯಾರ ಎಲೆಗೆ ಹೋಳಿಗೆ ಹರಿದದ್ದು ಬಿತ್ತು ಎಂಬುದೂ ನನಗೆ ನೆನಪಿದೆ. ಬಾಯಿ ಮುಚ್ಚಿ ಕೇಳಿ.

ಕೊಂಡಾಪುರದ ಬಂಡೆಗಳನ್ನು ಒಡೆದು ಗಾಜಿನ ಆಫೀಸು ಎಬ್ಬಿಸುತ್ತಿದ್ದ ಕಾಲ. ಎಲ್ಲರ ಕೈಗೂ ಗುಂಡಿ ಒತ್ತುವ ಫೋನು ಬಂದಿತ್ತು; ನಾಂಪಲ್ಲಿಯ ಸರಕಾರಿ ಕಚೇರಿಯಿಂದ ನಿವೃತ್ತರಾದ ಪ್ರಹ್ಲಾದರಾಯರ ಕೈಗೂ ಬಂತು. ರಾಯರಿಗೆ ದೊಡ್ಡ ಆಸೆಗಳಿರಲಿಲ್ಲ. ಇದ್ದದ್ದು ಒಂದೇ, ಹೆಂಡತಿ ಕೃಷ್ಣಾಬಾಯಿಯ ಬಾಯಲ್ಲಿ ತಮ್ಮ ಹೆಸರು ಕೇಳುವುದು. ಅವರ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವವರಲ್ಲ. 'ಇವರು', 'ಏನಂದ್ರಿ' ಎಂಬುದರಲ್ಲೇ ಸಂಸಾರ ಸಾಗಿತ್ತು. ಮದುವೆ ಊಟದಲ್ಲಿ ಮಾತ್ರ ಪ್ರಾಸ ಕಟ್ಟಿ ಒಡಪು ಹೇಳಿ, ಅದರ ತುದಿಗೆ ಗಂಡನ ಹೆಸರು ಸೇರಿಸಬೇಕು. ಮನೆಯ ಹಿರಿಯ ಮುತ್ತೈದೆ ಒಡಪು ಹೇಳುವ ತನಕ ಯಾರೂ ಎಲೆಗೆ ಕೈ ಹಚ್ಚುವಂತಿಲ್ಲ.

ಮೊಮ್ಮಗಳು ಶರ್ವರಿಯ ಮದುವೆ ಗೊತ್ತಾಯಿತು. ಆಗಲೇ ಕೃಷ್ಣಾಬಾಯಿಯ ಗಂಟಲಲ್ಲಿ ಗಂಟು ಕಂಡಿತು. ಆಪರೇಶನ್ ಆದಮೇಲೆ ಮದುವೆ ಮುಗಿಯುವ ತನಕ ಒಂದು ಮಾತೂ ಆಡಕೂಡದೆಂದು ಡಾಕ್ಟರ್ ಹೇಳಿಬಿಟ್ಟರು. ಎಲ್ಲರೂ ಗಂಟಲಿನ ಚಿಂತೆಯಲ್ಲಿದ್ದರೆ, ರಾಯರಿಗೆ ಒಡಪಿನದೂ ಒಂದು ಚಿಂತೆ. ಆಸ್ಪತ್ರೆಗೆ ಹೊರಡುವ ಮುಂಚೆ ಹೆಂಡತಿಯನ್ನು ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಮೇಲೆ ಹಳೆಯ ಫ್ಯಾನು ಘರಗುಡುತ್ತಿತ್ತು. ಆಕೆ ಒಡಪನ್ನು ಗಟ್ಟಿಯಾಗಿಯೇ ಹೇಳಿದರು. ಹೆಸರು ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದರು. ಫೋನಿಗೆ ಕಿವಿ ಒತ್ತಿ ಹಿಡಿದರೆ ಅದೂ ಕೇಳುತ್ತಿತ್ತು. ಒತ್ತಿ ಹಿಡಿದು ಹಿಡಿದು ರಾಯರ ಕಿವಿ ಕೆಂಪಗಾಗಿತ್ತು.

ಮದುವೆಗೆ ಮೈಕು ಒಪ್ಪಿಕೊಂಡಿದ್ದ ಭೀಮಾಶಂಕರನಿಗೆ ಫೋನು ತೋರಿಸಿದರು. ಅವನು ಆಗದೆಂದು ತಲೆಯಾಡಿಸಿದ. ಫೋನು ಧ್ವನಿಯನ್ನು ಎಎಂಆರ್ ಎಂಬ ಬಗೆಯಲ್ಲಿ ಕೂಡಿಡುತ್ತಿತ್ತು. ಅವನ ಹಾಡಿನ ಪೆಟ್ಟಿಗೆಯೋ ಎಂಪಿತ್ರೀ ಬಿಟ್ಟು ಬೇರೇನೂ ಮುಟ್ಟದಷ್ಟು ಮಡಿ.

"ಇದನ್ನ ಎಂಪಿತ್ರೀ ಮಾಡಿಸ್ಕೊಂಡು ಸೀಡಿಗೆ ಹಾಕಿ ತರ್ರಿ ರಾಯರ, ಇಡೀ ಮದುವಿ ಹಾಲಿಗೆ ಕೇಳ್ಸೋದು ನನಗ ಬಿಡ್ರಿ," ಎಂದ.

ಸುಲ್ತಾನ್ ಬಜಾರಿನ ಒಬ್ಬ ಅಂಗಡಿಯವನು ಫೈಲಿನ ಬಾಲದಲ್ಲಿದ್ದ ಮೂರಕ್ಷರ ಅಳಿಸಿ ಎಂಪಿತ್ರೀ ಎಂದು ಬರೆದು ಕೊಟ್ಟ. ಡಬ್ಬಿಯ ಮೇಲೆ ಸಕ್ಕರೆ ಎಂದು ಬರೆದರೆ ಒಳಗಿನ ಉಪ್ಪು ಸಿಹಿಯಾದೀತೇ? ಭೀಮಾಶಂಕರನ ಪೆಟ್ಟಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಡೆಗೆ ಕೊಂಡಾಪುರದಲ್ಲಿ ಕೆಲಸಕ್ಕಿದ್ದ ಮೊಮ್ಮಗ ಆಶಿಷ್ ತನ್ನ ಕಂಪ್ಯೂಟರಿನಲ್ಲಿ ಅದನ್ನು ಸರಿಯಾಗಿ ಬದಲಾಯಿಸಿದ. ಬರೀ ಬದಲಾಯಿಸಿ ಬಿಡಲಿಲ್ಲ. ಅಜ್ಜನಿಗೆ ಖುಷಿಯಾಗಲೆಂದು ಫ್ಯಾನಿನ ಘರಘರವನ್ನೂ ಸೋಸಿ ತೆಗೆದ. ಮೊದಲೆರಡು ಸಾಲು ಕೇಳಿದ, ಗಂಟೆ ಬಾರಿಸಿದಂತಿತ್ತು. ಅಷ್ಟಕ್ಕೇ ಸಾಕೆಂದು ಸೀಡಿ ಬರೆದು, ಮದುವೆಯ ಬೆಳಿಗ್ಗೆ ನೆಟ್ಟಗೆ ಭೀಮಾಶಂಕರನ ಕೈಗೆ ಕೊಟ್ಟ.

ಊಟದ ಸಾಲು ಕೂತಿತು. ಮಾತಿಲ್ಲದ ಕೃಷ್ಣಾಬಾಯಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದರು. ಸೀಡಿ ಶುರುವಾಯಿತು.

"ಸುಲ್ತಾನ್ ಬಜಾರದಾಗ ಹಸರ ಸೀರಿ ಆರಿಸೀನಿ,
ಅಂಚು ಒಪ್ಪಲಿಲ್ಲಂತ ಅಂಗಡಿ ಎಲ್ಲಾ ತಿರಗಿಸೀನಿ,
ಚೀಲಾ ಹೊತ್ತು ಹಿಂದ ಬಂದ್ರೂ ಚಕಾರ ಎತ್ತದವರು..."

ಆಮೇಲೆ ಏನೂ ಇಲ್ಲ. ಭೀಮಾಶಂಕರ ಮತ್ತೊಮ್ಮೆ ಹಚ್ಚಿದ. ಮತ್ತೆ ಅಲ್ಲಿಗೇ ನಿಂತಿತು. ಅನ್ನ ಆರುತ್ತಿತ್ತು. ರಾಯರ ತಂಗಿ ಪಾರ್ವತಿಬಾಯಿಗೆ ಅಷ್ಟು ಸಿಕ್ಕರೆ ಸಾಕು.

"ಯಾಕ ವೈನಿ, ಚೀಲಾ ಹೊತ್ತವರಿಗೆ ಹೆಸರ ಇಲ್ಲೇನು? ಹಮಾಲರನ್ನ ಕಟ್ಟಿಕೊಂಡೀಯೇನು?"

ಹಾಲಿಗೆ ಹಾಲೇ ನಕ್ಕಿತು. ಆಶಿಷ್ ಬೆವರುತ್ತ ಬಂದು, "ಅಜ್ಜಾ, ಫ್ಯಾನಿನ ಸಪ್ಪಳ ತಗದಿದ್ದೆ. ಅದರ ಕೂಡ ಹೆಸರೂ ಹೋಗೇದ," ಎಂದ.

"ಆ ಸಪ್ಪಳದಾಗ ನಾನೂ ಇದ್ನೆಲ್ಲೋ ತಮ್ಮಾ," ಎಂದರು ರಾಯರು. ನಗುತ್ತಲೇ ಎಂದರು, ಆದರೆ ಕಣ್ಣು ಎಲೆಯ ಮೇಲಿತ್ತು.

ಕೃಷ್ಣಾಬಾಯಿ ಗಿಂಡಿ ಕೆಳಗಿಟ್ಟರು. ಗಂಡನ ಜೇಬಿಗೆ ಕೈ ಹಾಕಿ ಫೋನು ತೆಗೆದುಕೊಂಡು ಮೈಕಿನ ಕಡೆ ನಡೆದರು. ಹಸಿರು ಗುಂಡಿ ಕೆಂಪು ಗುಂಡಿ ಬಿಟ್ಟು ಮೂರನೆಯದು ಆಕೆಗೆ ಗೊತ್ತಿಲ್ಲವೆಂದೇ ರಾಯರು ತಿಳಿದಿದ್ದರು. ಆಕೆ ನೋಡದೆಯೇ ಟಕಟಕ ಒತ್ತಿ, ಫೋನನ್ನು ಮೈಕಿನ ಬಾಯಿಗೆ ಹಿಡಿದರು.

ಹಾಲಿನ ತುಂಬ ಹಳೆಯ ಫ್ಯಾನು ತಿರುಗಿತು. ಒಡಪು ಬಂತು. 'ಚಕಾರ ಎತ್ತದವರು' ಎಂಬುದರ ಬೆನ್ನಿಗೇ, ಘರಘರದ ನಡುವೆ, ಪಿಸುಮಾತೂ ಬಂತು:

"...ಪ್ರಹ್ಲಾದರಾಯರು."

ಹಾಲಿನ ಕೊನೆಯ ಎಲೆಯವರಿಗೂ ಕೇಳಿತು. ಪಾರ್ವತಿಬಾಯಿ ಮೊದಲ ತುತ್ತು ಎತ್ತಿದರು.

ಬಡಿಸುತ್ತ ಹತ್ತಿರ ಬಂದ ಹೆಂಡತಿಯನ್ನು ರಾಯರು ಮೆಲ್ಲಗೆ ಕೇಳಿದರು, "ಅದನ್ನ ಹಚ್ಚಲಿಕ್ಕೆ ಯಾವಾಗ ಕಲತಿ? ನಾ ಸ್ನಾನಕ್ಕ ಹೋದಾಗ ಕೇಳ್ತಿದ್ದಿ, ಹೌದಿಲ್ಲೋ?"

ಕೃಷ್ಣಾಬಾಯಿ ಡಾಕ್ಟರರ ಮಾತು ಮೀರಲಿಲ್ಲ. ಅನ್ನದ ಮೇಲೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಸುರಿದು ಮುಂದೆ ಹೋದರು.

ಆಶಿಷ್ ಮರುದಿನ ಅದನ್ನು ಮತ್ತೆ ಎಂಪಿತ್ರೀ ಮಾಡಿ, ಫ್ಯಾನಿನ ಸಮೇತ ಬಳಗಕ್ಕೆಲ್ಲ ಹಂಚಿದ. ನೀವೂ ಈ ಕಥೆಯನ್ನು ನಿಮ್ಮವರಿಗೆ ದಾಟಿಸಿ. ಇದ್ದ ಹಾಗೇ ದಾಟಿಸಿ, ಸೋಸಲು ಹೋಗಬೇಡಿ.