ನೇಕಾರ ಹಾಕದ ಬಣ್ಣ

ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಮೂರು ಸಲ, ಮೂರನೆಯದು ಬಿಚ್ಚಿದ ಅಂಗೈಯಿಂದ.

ಸೋನ್ಯಾಳ ಎಂಬ ಊರಿನ ಫೋಟೊಗ್ರಾಫರ್ ಬಂದೇನವಾಜ ಸ್ಟುಡಿಯೊದ ಚಿಲಕ ತೆಗೆದ. ಹೊರಗೆ ಅಕ್ಕವ್ವ, ಬಗಲಲ್ಲಿ ಮದುವೆಯ ಆಲ್ಬಮ್. ಅವಳ ಹಿಂದೆ ಮದುಮಗನಾಗಿ ತಿಂಗಳೂ ತುಂಬದ ಮಗ ಮಲ್ಲಿನಾಥ, ಕೈಯಲ್ಲೊಂದು ಸೀರೆ.

"ಮುಂಜಾನಿ ಎಸ್ಟಿ ಬಸ್ಸಿಗೆ ಸೊಸೀನ ಅಸಂಗಿಗೆ, ಆಕಿ ತವರಿಗೆ ಕಳಸ್ತೀನಿ, ತಮ್ಮಾ. ನಿನ್ನ ಫೋಟೋನ ಸಾಕ್ಷಿ."

ಅವಳು ಆಲ್ಬಮ್ ತೆರೆದು ತೋರಿಸಿದ್ದು, ಮದುವೆಯ ಮರುದಿನ ಇದೇ ಸ್ಟುಡಿಯೊದಲ್ಲಿ ತೆಗೆದ ಚಿತ್ರ. ಸೊಸೆ ಕಾಜಲ್ ಉಟ್ಟ ಸೀರೆಯ ತುಂಬ ಹಸಿರು, ಗುಲಾಬಿ ಬಣ್ಣದ ಅಲೆಗಳು. ತವರಿನವರು ಬಣ್ಣ ಬಿಡುವ ಅಗ್ಗದ ಸೀರೆ ಕೊಟ್ಟು ಮೋಸ ಮಾಡಿದರೆಂಬುದು ಅಕ್ಕವ್ವನ ಸಿಟ್ಟು. ಆ ಅಲೆಗಳನ್ನು ಮೊದಲು ಬೆರಳಿಟ್ಟು ತೋರಿಸಿದವಳು, ತಿಕೋಂಡಿ ಊರಿಗೆ ಮದುವೆ ಮಾಡಿಕೊಟ್ಟ ಅವಳ ಹಿರಿಮಗಳು ಮಾಯಕ್ಕ.

ಬಂದೇನವಾಜ ನಿಟ್ಟುಸಿರು ಬಿಟ್ಟ. ೨೦೦೫ರ ಈ ಲಗ್ನದ ಹಂಗಾಮಿನಲ್ಲಿ ಇದೇ ಮಾತನ್ನು ಹೇಳಿ ಹೇಳಿ ಅವನ ಗಂಟಲೊಣಗಿತ್ತು.

"ಕಾಕೂ, ಅದು ಸೀರಿ ಬಣ್ಣ ಅಲ್ರಿ, ನನ್ನ ಕ್ಯಾಮರಾದ ಆಟ. ಬ್ಯಾರೆ ಡಿಜಿಟಲ್ ಕ್ಯಾಮರಾದಾಗ ಚಿತ್ರಾನ ಒಂಚೂರು ಮಸಕ ಮಾಡೋ ತೆಳ್ಳನ ಗಾಜು ಇರತದ. ಇದರಾಗ ಇಲ್ಲ. ಅದಕ್ಕ ರೆಪ್ಪಿ ಕೂದಲಾನೂ ಎಣಸಬಹುದು. ಆದರ ನೇಯ್ಗಿ ಭಾಳ ಸಣ್ಣದಿದ್ರ ಎಳಿ ಹಿಡಿಯಾಕ ಆಗದ, ಇಲ್ಲದ ಬಣ್ಣ ತೋರಸತದ."

"ಮಾತು ಚಲೋ ಅದಾವ. ಹಂಗಾರ ಈಗ ತಗದು ತೋರಸು."

"ಕುಂದ್ರಿ."

ಅದೇ ನೀಲಿ ಪರದೆ, ಅದೇ ದೀಪ, ನೆಲದ ಮೇಲಿನ ಅದೇ ಸುಣ್ಣದ ಗುರುತು. ಸೀರೆಯನ್ನು ಇಳಿಬಿಟ್ಟು ಒಂದು ಚಿತ್ರ ತೆಗೆದ. ಕಂಪ್ಯೂಟರಿನಲ್ಲಿ ನೋಡಿದರೆ ಅಲೆಗಳಿಲ್ಲ. ಮತ್ತೊಂದು ತೆಗೆದ. ಇಲ್ಲ.

"ಯಾಕಪಾ, ನಿನ್ನ ಕ್ಯಾಮರಾಕ್ಕೂ ನಿದ್ದಿ ಬಂತೇನು?" ಅಕ್ಕವ್ವ ನಕ್ಕಳು.

ಅವನು ಮತ್ತೆ ಕಂಪ್ಯೂಟರಿಗೆ ಬಾಗಿದ. ತನ್ನ ಮಾತು ಸುಳ್ಳಾದರೆ ಬೆಳಗಾಗುವಷ್ಟರಲ್ಲಿ ಆ ಹುಡುಗಿ ಬಸ್ಸು ಹತ್ತುತ್ತಾಳೆ. ಚಿತ್ರವನ್ನು ಹಿಗ್ಗಿಸಿದ, ಇನ್ನಷ್ಟು ಹಿಗ್ಗಿಸಿದ. ಥಟ್ಟನೆ ಅವನ ಕೈ ನಿಂತಿತು.

ಈಗ ತೆಗೆದ ಚಿತ್ರದಲ್ಲಿ ಸೀರೆಯ ದಪ್ಪ ಎಳೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಕಾಜಲ್‌ಳ ಚಿತ್ರದಲ್ಲಾದರೋ ರೆಪ್ಪೆಯ ಕೂದಲು ಕಾಣುತ್ತಿತ್ತು, ಸೀರೆಯ ಒಂದೆಳೆಯೂ ಬಿಡಿಯಾಗಿರಲಿಲ್ಲ. ಬಣ್ಣ ಅದೇ, ಅಂಚು ಅದೇ, ನೇಯ್ಗೆ ಬೇರೆ.

"ಕಾಕೂ, ಆಕಿ ಉಟ್ಟ ಸೀರಿ ಇದಲ್ರಿ. ಅದು ಸಣ್ಣ ನೇಯ್ಗೀದು, ಇದಕಿಂತ ಭಾಳ ತುಟ್ಟೀದು. ಯಾರೋ ಬದಲಿ ಮಾಡ್ಯಾರ."

ಮಲ್ಲಿನಾಥ ಮೊದಲ ಸಲ ತಲೆಯೆತ್ತಿದ. "ಅವ್ವಾ, ಟ್ರಂಕಿನ ಕೀಲಿ ನಿನ್ನ ಕಡೆನ ಇರತದಲ್ಲ?"

"ಬಾಯಿ ಮುಚ್ಚು! ನನ್ನ ಮನಿ ಸೀರಿ ನಾನ ಯಾಕ…"

ಹೊಸ ಸೊಸೆಯ ಸೀರೆ ನೆಂಟರ ಕೂಸಿಗೆ ಹೆಸರಿಡುವ ಬಾರಸಿಗೆ, ಬಸುರಿಯ ಕುಬಸಕ್ಕೆ ಮನೆಯಿಂದ ಮನೆಗೆ ತಿರುಗಿ ಬರುವುದು ಈ ಸೀಮೆಯ ವಾಡಿಕೆ. ಬಂದೇನವಾಜ ಸಣ್ಣಗೆ ಕೇಳಿದ: "ಒಂದಿನ ಉಟ್ಟು ಕೊಡತೀನಂತ ಯಾರರ ಒಯ್ದಿದ್ರೇನ್ರಿ, ಕಾಕೂ?"

ಅಕ್ಕವ್ವ ಸ್ಟೂಲಿನ ಮೇಲೆ ಕುಸಿದು, ಆಲ್ಬಮ್ಮನ್ನು ಮೆಲ್ಲನೆ ಮುಚ್ಚಿದಳು. ಅವಳ ಬಾಯಿಂದ ಒಂದೇ ಹೆಸರು ಹೊರಬಿತ್ತು.

"ಮಾಯಕ್ಕ."