ವರ್ನಾಳ ಹಳದಿ ಅಂಗಿ

"ಏಯ್, ಕಡ್ಡಿಪೆಟ್ಟಿಗೆ ಕೆಳಗಿಡು! ಯಾರೇ ಹೇಳಿದ್ದು ನಿಂಗೆ? ಇದೇನು ನಿಮ್ಮಪ್ಪನ ಜಾಗಾನಾ?" ಡೆರಿಕ್ ಜೀಪಿನಿಂದಲೇ ಕಿರುಚಿದ.

ನಮ್ಮಪ್ಪನ ಜಾಗವೇ. ಹುಲ್ಲು ಎಷ್ಟು ಒಣಗಿದೆಯೆಂದು ಒಂದು ಹಿಡಿಗೆ ಕಡ್ಡಿ ಗೀರಿ ನೋಡುತ್ತಿದ್ದೆ, ಅಷ್ಟೇ. ಭಗ್ಗನೆ ಹತ್ತಿತು. ತುಳಿದು ಆರಿಸಿದೆ.

ಈ ನೆಲದ ಮೂಲನಿವಾಸಿಗಳಾದ ನಮ್ಮ ಹಿರಿಯರಂತೆ ತಂಪು ಬೆಂಕಿಯಿಟ್ಟು, ಅಂದರೆ ನೆಲದ ಒಣಹುಲ್ಲನ್ನಷ್ಟೇ ಮೆಲ್ಲಗೆ ಸುಟ್ಟು, ಕಾಳ್ಗಿಚ್ಚಿನಿಂದ ಕಾಡು ಕಾಯುವ ಗುತ್ತಿಗೆ ಡೆರಿಕ್‌ನ ಕಂಪನಿಗೆ ಸಿಕ್ಕಿತ್ತು. ನಾವು ಐದು ಜನ ಹೆಂಗಸರೂ ಅರ್ಜಿ ಹಾಕಿದ್ದೆವು. 'ಅನುಭವದ ಪ್ರಮಾಣಪತ್ರವಿಲ್ಲ' ಎಂದು ವಾಪಸು ಬಂತು. ಈಗ ನಾವು ಅವನ ಹಿಂದೆ ಸ್ವಯಂಸೇವಕರು. ಮಧ್ಯಾಹ್ನಕ್ಕೆ ಸಾಸೇಜು, ಬ್ರೆಡ್ಡು.

ನಮ್ಮವರಲ್ಲಿ ಸಂಬಳ ಇದ್ದದ್ದು ಆ ಐವರಲ್ಲಿ ಸೇರದ ವರ್ನಾ ಒಬ್ಬಳಿಗೇ. ನನ್ನ ದೊಡ್ಡವ್ವನ ಮಗಳು. ಕಂಪನಿಯ ಹಳದಿ ಅಂಗಿ, ಹೊಸ ಬೂಟು. ಫೋಟೋಕ್ಕೆ ಒಂದು ಕಪ್ಪು ಮುಖ ಬೇಕಿತ್ತು ಅವರಿಗೆ, ಇವಳದು ಚೆಂದವಿತ್ತು. ಯಾವ ಹುಲ್ಲು ಯಾವಾಗ ಹತ್ತುತ್ತದೆಂದು ತಿಳಿಯದವಳ ಮನೆಗೆ ಫ್ರಿಜ್ ಬಂತು. ನನ್ನ ಮಕ್ಕಳು ತಣ್ಣೀರಿಗೆ ಅಲ್ಲಿಗೇ ಓಡುತ್ತಿದ್ದವು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ನನ್ನ ಸೋದರತ್ತೆ ಡಲ್ಸಿ ನೆಲಕ್ಕೆ ಅಂಗೈಯಿಟ್ಟು ನೋಡಿದಳು. "ಇವತ್ತು ಬ್ಯಾಡ ಕಣಪ್ಪ. ನೆಲ ಕಾದೋಗ್ಯದೆ, ಬೆಂಕಿ ಮರದ್ ತುದಿಗೇ ಹಾರ್ತದೆ. ಇಬ್ನಿ ಬಿದ್ದಾಗ ಹಚ್ಚುದ್ರೆ ಹಲ್ಲಿಗೂ ಇರ್ವೆಗೂ ನಡ್ಕೊಂಡ್ ಹೋಗಕ್ಕೆ ದಾರಿ ಸಿಕ್ತದೆ."

"ಬೆಂಕಿ ಹಾಕಿದ ವರದಿ ಇವತ್ತೇ ಹೋಗ್ಬೇಕಜ್ಜೀ. ನಿನ್ನ ಹಲ್ಲಿಗೋಸ್ಕರ ಸರ್ಕಾರ ಕಾಯುತ್ತಾ?" ಡೆರಿಕ್ ಎಣ್ಣೆಪಂಜನ್ನು ವರ್ನಾಳ ಕೈಗೆ ತುರುಕಿದ. ಇನ್ನೊಂದು ಕೈಯಲ್ಲಿ ಫೋನು ಹಿಡಿದ. "ಹಚ್ಚು. ವೀಡಿಯೋ ಓಡ್ತಿದೆ."

ವರ್ನಾ ಅಲುಗಲಿಲ್ಲ. ಅವಳ ಅಪ್ಪನ ನೆಲ ಹೊಳೆಯಾಚೆ. ಇನ್ನೊಬ್ಬರ ನೆಲಕ್ಕೆ, ಅವರು ಬೇಡವೆಂದ ಮೇಲೂ ಬೆಂಕಿಯಿಟ್ಟರೆ ನಮ್ಮಲ್ಲಿ ಯಾವ ಮನೆಯವರೂ ಅವಳಿಗೆ ಚಹಾ ಕೊಡುವುದಿಲ್ಲ. ಸತ್ತರೆ ಮಣ್ಣಿಗೂ ಬರುವುದಿಲ್ಲ.

ಹಚ್ಚಲಿ, ಮುಖ ಎತ್ತದ ಹಾಗಾಗಲಿ ಎಂದೇ ನಾನು ಬಯಸಿದೆ.

"ಹಚ್ಚೇ," ಎಂದೆ. "ಸಂಬ್ಳ ತಕಳಾಕಿಲ್ವಾ?"

"ಬಾಯ್ ಮುಚ್ಚೇ ಲೌಡಿ." ವರ್ನಾ ಪಂಜನ್ನು ಕೆಳಗಿಟ್ಟಳು. "ನನ್ ಕೈಲಾಗಾಕಿಲ್ಲ ಸಾ. ಇದು ಔಳ್ ನೆಲ."

"ಹಾಗಾದ್ರೆ ಬಿಚ್ಚು ಅಂಗಿ. ನಿನ್ನಂಥೋರು ನೂರು ಜನ ಸಿಕ್ತಾರೆ."

ಎಲ್ಲರೆದುರೇ ಬಿಚ್ಚಿಸಿದ. ತೂತುಬಿದ್ದ ಬನಿಯನ್ನಿನಲ್ಲಿ ಅವಳು ಎದೆಗೆ ಕೈಕಟ್ಟಿ ನಿಂತಳು. ಅಂಗಿಯನ್ನು ನನ್ನತ್ತ ಎಸೆದ. "ನಿನ್ನ ನೆಲ ತಾನೇ? ಹಾಕ್ಕೋ. ಅವಳ ಸಂಬಳ ನಿಂಗೆ. ಹಚ್ಚು."

ಹಾಕಿಕೊಂಡೆ. ಅವಳ ಬೆವರು ಇನ್ನೂ ಬೆಚ್ಚಗಿತ್ತು. ನನಗೆ ಸರಿಯಾಗಿ ಒಪ್ಪಿತು. ಕತ್ತಿನವರೆಗೂ ಗುಂಡಿ ಹಾಕಿ, ಪಂಜನ್ನು ಕಾಲಿನಿಂದ ಆಚೆ ತಳ್ಳಿ, ಫೋನಿನ ಮುಂದೆ ನಿಂತೆ.

"ನಾನು ಐವಿ. ಕಂಪ್ನಿ ಅಂಗಿ ಹಾಕಂಡೇ ಯೋಳ್ತಿವ್ನಿ, ಇವತ್ತು ಬೆಂಕಿ ಇಲ್ಲ. ಬೇಕು ಅಂದ್ರೆ ಗುತ್ತಿಗೇಲಿ ನಮ್ ಐದ್ ಜನದ್ ಹೆಸ್ರು ಬರ್ಕೊಂಡು, ಇಬ್ನಿ ಬಿದ್ಮೇಲೆ ಬಾ."

"ಕೊಡೇ ಅಂಗಿ, ಕಳ್ಳ ಮುಂಡೆ!" ಡೆರಿಕ್ ಕೊರಳಪಟ್ಟಿ ಹಿಡಿದು ಜಗ್ಗಿದ. ಗುಂಡಿ ಕಿತ್ತು ಹಾರಿತು. ನಾನು ಎರಡೂ ಕೈಯಿಂದ ಬಟ್ಟೆ ಬಿಗಿಹಿಡಿದೆ. ಅತ್ತೆ ಅವನ ತೋಳಿಗೆ ಜೋತುಬಿದ್ದಳು.

ವರ್ನಾ ಅವನನ್ನು ನೋಡುತ್ತಿರಲಿಲ್ಲ. ನನ್ನ ಮೈಮೇಲಿನ ಅಂಗಿಯನ್ನೇ ನೋಡುತ್ತಿದ್ದಳು.

"ಆರ್ ಜನ ಅನ್ಬೋದಿತ್ತು ಕಣೇ ನೀನು," ಎಂದಳು.

ನಾನು ಕಿತ್ತ ಗುಂಡಿಯ ಜಾಗ ಮುಚ್ಚಿ, ಅಂಗಿಯನ್ನು ಇನ್ನಷ್ಟು ಬಿಗಿಹಿಡಿದೆ.